ಕರ್ನಲ್ಲರ ಕಾರಿಗೆ ಚಳಿಗಾಲದ ಎಣ್ಣೆ

ಬಾಯಿ ತುಂಬ ಚಿತ್ರಾನ್ನ ಇಟ್ಟುಕೊಂಡು ಬಾಸಿನ ಮಾತಿಗೆ ಮಾತು ಸೇರಿಸಬಾರದಿತ್ತು. ಶೇಷಾದ್ರಿ ಸೇರಿಸಿದ. ಎಲ್ಲ ಶುರುವಾದದ್ದು ಅಲ್ಲಿಂದ.

ಫೇರ್‌ಫ್ಯಾಕ್ಸಿನ ಅವನ ಆಫೀಸು ಸರ್ಕಾರದ ಹಳೇ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಎರಡು ಸಾವಿರದ ಇಸವಿಗೆ ಸಜ್ಜು ಮಾಡಿಕೊಡುವ ಗುತ್ತಿಗೆ ಹಿಡಿದಿತ್ತು. ಅದರ ಮುಖ್ಯಸ್ಥರು ವಿಟ್ಟೇಕರ್, ಸೈನ್ಯದಿಂದ ನಿವೃತ್ತರಾಗಿ ಬಂದ ಕರ್ನಲ್. ಎಲೆ ಉದುರಿ ಮುಗಿಯಿತೆಂದರೆ ಹೆಂಡತಿಯನ್ನು ಕರೆದುಕೊಂಡು ಫ್ಲಾರಿಡಾಕ್ಕೆ ಹೋಗಿ, ಏಪ್ರಿಲ್ ತನಕ ಅಲ್ಲಿಂದಲೇ ಫೋನಿನಲ್ಲಿ ಆಫೀಸು ನಡೆಸುವ ಮನುಷ್ಯ. ಆ ದಿನ ಊಟದ ಕೋಣೆಗೆ ಕಾಫಿಗೆಂದು ಬಂದವರು ಯಾರಿಗೂ ನಿರ್ದಿಷ್ಟವಾಗಿ ಹೇಳದೆ ಗೊಣಗಿಕೊಂಡರು. ಅವರ ಗ್ಯಾರೇಜಿನ ಚಾವಣಿಯನ್ನು ರಿಪೇರಿಗೆಂದು ಕಿತ್ತುಹಾಕಿದ್ದಾರಂತೆ. ಹಳೆಯ ಕಾರನ್ನು ಈ ಚಳಿಗಾಲ ಎಲ್ಲಿಡುವುದೋ ಗೊತ್ತಿಲ್ಲ. ಅಷ್ಟು ತಿಂಗಳು ನಿಲ್ಲಿಸಿಡುವ ಕಾರಿಗೆ ಯಾವ ಎಂಜಿನ್ ಆಯಿಲ್ ಹಾಕಬೇಕೋ, ಅದಕ್ಕೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

"ಯಾವ ಎಣ್ಣೆ ಅನ್ನೋದು ಆಮೇಲಿನ ಮಾತು ಸರ್," ಎಂದ ಶೇಷಾದ್ರಿ, ಚಿತ್ರಾನ್ನವನ್ನು ಒಂದು ಕೆನ್ನೆಗೆ ಸರಿಸಿ. "ಕಾರು ನಿಲ್ಲಿಸಿಡೋಕೆ ಮುಂಚೆಯೇ ಎಣ್ಣೆ ಬದಲಾಯಿಸಬೇಕು. ಹಳೇ ಎಣ್ಣೆಯಲ್ಲಿ ಆಸಿಡ್ ಸೇರಿರುತ್ತೆ. ಚಳಿಗಾಲವಿಡೀ ಎಂಜಿನ್ನನ್ನ ಒಳಗೊಳಗೇ ತಿನ್ನುತ್ತೆ."

ಇದು ಅವನ ಜ್ಞಾನವಲ್ಲ. ಹಿಂದಿನ ವಾರ ಹಲ್ಲು ಕೀಳಿಸಲು ಕಾಯುತ್ತ ಕೂತಿದ್ದಾಗ, ಭಯ ಮರೆಯಲೆಂದು ಓದಿದ ಯಾವುದೋ ಪತ್ರಿಕೆಯ ಅರ್ಧ ಪುಟ. ಉಳಿದರ್ಧ ಓದುವಷ್ಟರಲ್ಲಿ ಒಳಗೆ ಕರೆದಿದ್ದರು. ಆದರೆ ಕರ್ನಲ್ ಕಾಫಿ ಲೋಟ ಕೆಳಗಿಟ್ಟು ಅವನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಎರಡು ವರ್ಷದಿಂದ ಅವನು ಅದೇ ಆಫೀಸಿನಲ್ಲಿದ್ದ.

"ನಿಮ್ಮ ಮನೆಗೆ ಗ್ಯಾರೇಜ್ ಇದೆಯಾ?" ಎಂದು ಕೇಳಿದರು.

ಹೀಗೆ ಶುಕ್ರವಾರ ಸಂಜೆ ಆ ಕಾರು ಶೇಷಾದ್ರಿಯ ಬಾಡಿಗೆ ಮನೆಯ ಮುಂದೆ ಬಂದು ನಿಂತಿತು.

ಬಂದು ನಿಂತಿತು ಎಂದರೆ ಸಾಲದು. ಬೀದಿಯ ತಿರುವಿನಲ್ಲಿ ಅದರ ಮೂಗು ಕಾಣಿಸಿದ ಮೇಲೆ ಬಾಲ ಕಾಣಿಸುವುದಕ್ಕೆ ಒಂದು ಗಳಿಗೆ ಹಿಡಿಯಿತು. ಅರವತ್ತೈದರ ಕನ್ವರ್ಟಿಬಲ್, ಮೇಲ್ಛಾವಣಿ ಮಡಚಿಡುವಂಥದ್ದು. ಕಡುನೀಲಿ ಬಣ್ಣ, ಕತ್ತಲಾಗುವ ಮುಂಚಿನ ಆಕಾಶದ್ದು. ಬಾನೆಟ್ಟಿನ ಮೇಲೆ ಮಸಾಲೆ ದೋಸೆ ಹುಯ್ದರೆ ಇಡೀ ಬೀದಿಗೆ ಬಡಿಸಬಹುದಿತ್ತು. ಒಳಗೆ ಬಿಳಿ ಚರ್ಮದ ಸೀಟು, ಹಡಗಿನದಂಥ ಸ್ಟಿಯರಿಂಗ್ ಚಕ್ರ, ಒಂದು ಗೀರಿಲ್ಲದ ಕ್ರೋಮು. ಎಂಜಿನ್ನು ನಿಂತ ಮೇಲೂ ಅದರ ಗುನುಗು ಎದೆಯಲ್ಲಿ ಉಳಿದುಕೊಂಡಿತ್ತು. ಶೇಷಾದ್ರಿ ತನಗೆ ಗೊತ್ತಿಲ್ಲದಂತೆ ಚಪ್ಪಲಿ ಕಳಚಿ ನಿಂತಿದ್ದ. ನವೆಂಬರ್ ತಿಂಗಳ ಸಿಮೆಂಟು ಪಾದಕ್ಕೆ ಕೊರೆಯುತ್ತಿದ್ದದ್ದು ಆಮೇಲೆ ತಿಳಿಯಿತು.

"ಎಣ್ಣೆ ನೀವೇ ಆರಿಸಿ, ನೀವೇ ಹಾಕಿ," ಎಂದರು ಕರ್ನಲ್, ಬೀಗದ ಕೈ ಕೊಡುತ್ತ. "ನಾಳೆ ಸಂಜೆ ನಾಲ್ಕಕ್ಕೆ ಬಂದು ಒಂದು ಸುತ್ತು ಓಡಿಸಿ ನೋಡಿ ಹೋಗುತ್ತೇನೆ. ನಾಡಿದ್ದು ನಾವು ಹೊರಟೆವು. ಅಂದ ಹಾಗೆ, ಅಟ್ಲಾಂಟಾ ವಿಷಯವನ್ನೂ ನಾಳೆಯೇ ಹೇಳಿಬಿಡುತ್ತೇನೆ."

ಆ ಕೊನೆಯ ಮಾತು ಕೇಳಿ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಊರ್ಮಿಳಾ ಸೆರಗು ಸರಿಮಾಡಿಕೊಂಡಳು. ಕಂಪನಿ ಅಟ್ಲಾಂಟಾದಲ್ಲಿ ಹೊಸ ಶಾಖೆ ತೆರೆಯುತ್ತಿತ್ತು. ಅಲ್ಲಿಗೆ ಒಬ್ಬರನ್ನು ಕಳಿಸಬೇಕು, ಯಾರನ್ನು ಎಂಬುದು ಕರ್ನಲ್ಲರ ಕೈಯಲ್ಲಿ. ಅಟ್ಲಾಂಟಾದ ಪಕ್ಕದ ಸುವಾನಿಯಲ್ಲಿ ಊರ್ಮಿಳೆಯ ಅಕ್ಕ ಮೈಥಿಲಿ ಇದ್ದಳು. "ಇಲ್ಲಿ ನವೆಂಬರಲ್ಲೂ ಸ್ವೆಟರ್ ಬೇಡ ಕಣೇ, ಎದುರು ಮನೆ ಖಾಲಿ ಇದೆ," ಎಂದು ಪ್ರತಿ ಭಾನುವಾರ ಫೋನು ಮಾಡಿ ತಂಗಿಯ ಹೊಟ್ಟೆ ಉರಿಸುತ್ತಿದ್ದಳು. ಫೇರ್‌ಫ್ಯಾಕ್ಸಿನ ಎರಡು ಚಳಿಗಾಲ ಕಂಡ ಊರ್ಮಿಳಾ ಆ ಖಾಲಿ ಮನೆಗೆ ಮನಸ್ಸಿನಲ್ಲೇ ಪರದೆ ಕಟ್ಟಿ ಆಗಿತ್ತು.

"ಅದಕ್ಕೆ ಏನು ಬೇಕೋ ಸರಿಯಾಗಿ ಕೇಳಿ ತಿಳ್ಕೊಂಡು ಹಾಕಿ," ಎಂದಳು ಗಂಡನಿಗೆ. "ಯಾರನ್ನಾದ್ರೂ ಕೇಳಿ."

ಕೇಳುವ ಅಗತ್ಯ ಬೀಳಲಿಲ್ಲ. ಶನಿವಾರ ಬೆಳಿಗ್ಗೆ ಕಾಫಿಗೆ ಮುಂಚೆ ಎದುರು ಮನೆಯ ಡಾಕ್ಟರ್ ವೀರಣ್ಣ ಹಾಜರಾದರು. ಗದಗಿನ ಕಡೆಯವರು, ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು. ದಿನವಿಡೀ ಪ್ರಜ್ಞೆಯಿಲ್ಲದವರ ಪಕ್ಕ ಕೂರುವ ಕೆಲಸವಾದ್ದರಿಂದ ರಜೆಯ ದಿನ ಎಚ್ಚರವಾಗಿರುವವರು ಸಿಕ್ಕರೆ ಬಿಡುತ್ತಿರಲಿಲ್ಲ. ಅವರು ಕಾರಿನ ಸುತ್ತ ಮಾತಿಲ್ಲದೆ ಎರಡು ಪ್ರದಕ್ಷಿಣೆ ಹಾಕಿ, ಮನೆಗೆ ಹೋಗಿ ಸ್ಟೆಥಾಸ್ಕೋಪ್ ತಂದು, ಎಂಜಿನ್ ಚಾಲೂ ಮಾಡಿಸಿ ಅದರ ಮೇಲಿಟ್ಟು ಕಣ್ಣು ಮುಚ್ಚಿದರು.

"ಆಹಾ," ಎಂದರು ಬಹಳ ಹೊತ್ತಿನ ಮೇಲೆ. "ಇಂಥಾ ಹಾರ್ಟ್ ಬೀಟ್ ನಾ ಇಪ್ಪತ್ತು ವರ್ಷದಾಗ ಕೇಳಿಲ್ರಿ. ನೋಡ್ರಿ ಶೇಷಾದ್ರಿ, ಇದಕ್ಕ ದಪ್ಪನ ಎಣ್ಣಿ ಹಾಕ್ರಿ. ಮನಷ್ಯಾ ಮಲಗೂ ಮುಂದ ದಪ್ಪನ ಚಾದರ ಹೊಚ್ಕೋತಾನಲ್ರಿ, ಹಂಗ."

ಅಷ್ಟರಲ್ಲಿ ಪಕ್ಕದ ಊರು ರೆಸ್ಟನ್ನಿನಿಂದ ಯಶವಂತ್ ಬಂದಿಳಿದ. ಅದೇ ಆಫೀಸಿನ ಹುಡುಗ, ಬೆಂಗಳೂರಿನಿಂದ ಬಂದು ವರ್ಷವಾಗಿತ್ತು. ಶನಿವಾರ ಶನಿವಾರ ಊರ್ಮಿಳೆಯ ಕೈಯಡುಗೆಗೆ ಬರುವ ರೂಢಿ. ಈ ಸಲ ಕಂಕುಳಲ್ಲಿ ಕಾಗದದ ಕಟ್ಟು.

"ಶೇಷಣ್ಣ, ನಿನ್ನೆ ರಾತ್ರಿನೇ ಇಂಟರ್ನೆಟ್‌ನಲ್ಲಿ ಪೋಸ್ಟ್ ಮಾಡಿದ್ದೆ. ಕಾರಿನವರದ್ದೇ ಒಂದು ನ್ಯೂಸ್‌ಗ್ರೂಪ್ ಇದೆ. ಎಷ್ಟು ರಿಪ್ಲೈ ಬಂದಿದೆ ನೋಡಿ," ಎಂದ.

"ಏನಂತಾರೆ?"

"ಅರ್ಧ ಜನ ಸಿಂಥೆಟಿಕ್ ಹಾಕು ಅಂತಾರೆ. ಇನ್ನರ್ಧ, ಹಳೇ ಕಾರಿಗೆ ಸಿಂಥೆಟಿಕ್ ಹಾಕಿದ್ರೆ ಎಲ್ಲಾ ಕಡೆ ಸೋರುತ್ತೆ ಅಂತಾರೆ. ಕೊನೇಲಿ ಅವರವರೇ ಜಗಳ ಆಡ್ಕೊಂಡಿದ್ದಾರೆ. ಒಬ್ಬ ಮಾತ್ರ ನಿಮ್ಮ ವಯಸ್ಸೆಷ್ಟು ಅಂತ ಕೇಳಿದ್ದಾನೆ."

ಮೂವರೂ ಬಿಡಿಭಾಗಗಳ ಅಂಗಡಿಗೆ ಹೋದರು. ಅಲ್ಲಿ ಶೇಷಾದ್ರಿ ಮತ್ತೊಮ್ಮೆ ಬೆರಗಾಗಿ ನಿಂತ. ಗೋಡೆಯಿಂದ ಗೋಡೆಗೆ, ನೆಲದಿಂದ ಸೂರಿಗೆ ಎಣ್ಣೆ. ಚಿನ್ನದ ಬಣ್ಣದ ಡಬ್ಬ, ಕಪ್ಪು ಡಬ್ಬ, ಕೆಂಪು ಡಬ್ಬ, ದೀಪದ ಬೆಳಕಿಗೆ ಫಳಫಳ. ಒಂದೊಂದರ ಮೇಲೂ ಬೀಜಗಣಿತ: ಫೈವ್ ಡಬ್ಲ್ಯು ಥರ್ಟಿ, ಟೆನ್ ಡಬ್ಲ್ಯು ಫಾರ್ಟಿ, ಟ್ವೆಂಟಿ ಡಬ್ಲ್ಯು ಫಿಫ್ಟಿ. ಮೈಸೂರಿನ ರೇಷ್ಮೆ ಅಂಗಡಿಗೆ ಒಬ್ಬನೇ ಹೋಗಿ ಮದುವೆ ಸೀರೆ ಆರಿಸಬೇಕಾದ ಬ್ರಹ್ಮಚಾರಿಯಂತೆ ಅವನು ಒಂದನ್ನು ಮುಟ್ಟಿ, ಬಿಟ್ಟು, ಇನ್ನೊಂದನ್ನು ಮುಟ್ಟಿದ. ಮನುಷ್ಯ ಭೂಮಿಯ ಹೊಟ್ಟೆಯಿಂದ ತೆಗೆದ ಒಂದೇ ಕಪ್ಪು ರಸವನ್ನು ಇಷ್ಟು ಬಗೆಯಾಗಿ ಸೋಸಿ, ಯಾವ ಚಳಿಗೆ ಯಾವುದು ಎಂದು ಬರೆದು ಜೋಡಿಸಿದ್ದಾನಲ್ಲ ಎಂದು ಅವನಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

"ಡಬ್ಲ್ಯು ಅಂದ್ರೆ ವೆಯ್ಟ್ ತಾನೇ?" ಎಂದು ಕೇಳಿದ.

"ವಿಂಟರ್ ಅಂತೆ," ಎಂದ ಯಶವಂತ್ ಕಾಗದ ತಿರುವಿ. "ಅದರ ಹಿಂದಿನ ನಂಬರ್ ಕಮ್ಮಿ ಇದ್ದಷ್ಟೂ ಚಳೀಲಿ ಬೇಗ ಹರಿಯುತ್ತೆ."

"ನಿಂತ ಗಾಡ್ಯಾಗ ಹರಿದು ಎಲ್ಲಿಗೆ ಹೋಗಬೇಕ್ರಿ ಅದು?" ಎಂದರು ವೀರಣ್ಣ.

ಪಕ್ಕದಲ್ಲಿ ವೈಪರ್ ಕೊಳ್ಳಲು ಬಂದಿದ್ದ ಒಬ್ಬ ಅಪರಿಚಿತ ಅಜ್ಜ ತಾನಾಗಿಯೇ ನಿಂತು, ತನ್ನ ತಂದೆ ಚಳಿಗಾಲಕ್ಕೆ ಟ್ರ್ಯಾಕ್ಟರಿಗೆ ಏನು ಹಾಕುತ್ತಿದ್ದರೆಂದು ವಿವರಿಸಿ ಹೋದ. ಬೆಳಗೆಲ್ಲ ಅಲ್ಲಿಯೇ ಕಳೆಯಿತು. ಕೊನೆಗೆ ಶೇಷಾದ್ರಿ ಕಣ್ಣು ಮುಚ್ಚಿ, ಪೂರ್ತಿ ಸಿಂಥೆಟಿಕ್ ಅಲ್ಲದ, ಪೂರ್ತಿ ಸಾದಾ ಅಲ್ಲದ, ಎರಡೂ ಬೆರೆಸಿದ ಟೆನ್ ಡಬ್ಲ್ಯು ಥರ್ಟಿ ಒಂದನ್ನು ಆರಿಸಿದ. ಅತ್ಯಂತ ದುಬಾರಿಯ ಡಬ್ಬ. ಯಾರ ಮಾತನ್ನೂ ಪೂರ್ತಿ ಕೇಳಿರಲಿಲ್ಲವಾದ್ದರಿಂದ ಯಾರಿಗೂ ಬೇಸರವಾಗಲಿಲ್ಲ.

ವೀರಣ್ಣನವರಲ್ಲಿ ಉಕ್ಕಿನ ಎರಡು ಇಳಿಜಾರು ಪಟ್ಟಿಗಳಿದ್ದವು. ಅವನ್ನು ಗ್ಯಾರೇಜಿನಿಂದ ಬೀದಿಗೆ ಇಳಿಜಾರಾಗಿದ್ದ ಡ್ರೈವ್‌ವೇ ಮೇಲಿಟ್ಟು ಕಾರಿನ ಮುಂದಿನ ಚಕ್ರಗಳನ್ನು ಹತ್ತಿಸಿದರು. ಹಳೆಯ ಎಣ್ಣೆ ಹಿಡಿಯಲು ಶೇಷಾದ್ರಿ ಅಡುಗೆಮನೆಯಿಂದ ಅಗಲವಾದ ಪ್ಲಾಸ್ಟಿಕ್ ಬೇಸಿನ್ ತಂದ. ದೋಸೆಗೆ ಅಕ್ಕಿ ನೆನೆಹಾಕುವ ಬೇಸಿನ್ ಅದು. ಊರ್ಮಿಳಾ ಆಗ ಸ್ನಾನಕ್ಕೆ ಹೋಗಿದ್ದಳು.

ಅವನು ಬೆನ್ನ ಮೇಲೆ ಮಲಗಿ ಕಾರಿನ ಅಡಿಗೆ ತೆವಳಿದ. ಮೇಲಿನಿಂದ ಅರಮನೆಯಂತಿದ್ದದ್ದು ಕೆಳಗಿನಿಂದ ಕಾರ್ಖಾನೆಯಂತಿತ್ತು. ಕೊಳವೆ, ಕಂಬಿ, ಕಬ್ಬಿಣದ ದೊಡ್ಡ ದೊಡ್ಡ ಹೊಟ್ಟೆಗಳು. ಮೂವತ್ತು ವರ್ಷದಿಂದ ಒಂದರ ಕೈ ಒಂದು ಬಿಡದೆ ಕೆಲಸ ಮಾಡಿಕೊಂಡು ಬಂದ ಒಂದು ಊರೇ ಅಲ್ಲಿತ್ತು. ನೋಡುತ್ತ ಮಲಗಿಬಿಟ್ಟ.

"ಏನ್ರಿ, ನಿದ್ದಿ ಹತ್ತಿತೇನ್ರಿ?" ಎಂದರು ಹೊರಗಿನಿಂದ ವೀರಣ್ಣ.

"ಎರಡು ಬೋಲ್ಟ್ ಇದೆ ಡಾಕ್ಟ್ರೇ. ಮುಂದೆ ಒಂದು, ಹಿಂದೆ ಒಂದು. ಯಾವುದನ್ನ ಬಿಚ್ಚೋದು?"

ವೀರಣ್ಣ ಬಗ್ಗಿ ಟಾರ್ಚು ಬಿಟ್ಟರು. "ಹಿಂದಿಂದು ಬಿಚ್ರಿ. ಅದರ ಹೊಟ್ಟಿ ದೊಡ್ಡದೈತಿ ನೋಡ್ರಿ. ಎಣ್ಣಿ ಅಲ್ಲೇ ಇರತೈತಿ."

ಬಿಚ್ಚಿದ. ಎಣ್ಣೆ ಬೇಸಿನ್ನಿಗೆ ಬಿತ್ತು. ಕಪ್ಪಗಿರಲಿಲ್ಲ. ಮೂರು ದಿನ ಕಾಯಿಸಿದ ಸಾರಿನಂತೆ ಕೆಂಪು ಬೆರೆತ ಕಂದು. ಸೀದ ವಾಸನೆ ಬೇರೆ.

"ಇದೇನು ಕೆಂಪಗಿದೆ?" ಎಂದ ಯಶವಂತ್.

"ಹಳೇ ಕಾಲದ ಗಾಡಿ ಎಣ್ಣಿ ಕೆಂಪಽ ಇರತೈತ್ರಿ," ಎಂದರು ವೀರಣ್ಣ, ಆಪರೇಷನ್ ಥಿಯೇಟರಿನ ಗಾಂಭೀರ್ಯದಿಂದ. "ಈಗಿನ ಮಂದಿ ಎಣ್ಣಿ ಕಪ್ಪಾಗೂ ತನಕಾ ಓಡಸ್ತಾರ. ಕರ್ನಲ್ ಸಾಹೇಬ್ರು ಹೆಂಗ ಇಟ್ಟಾರ ನೋಡ್ರಿ."

ಮೂವರೂ ಬೇಸಿನ್ನಿನ ಸುತ್ತ ನಿಂತು ಕರ್ನಲ್ಲರ ಶಿಸ್ತಿಗೆ ತಲೆದೂಗಿದರು. ಬೋಲ್ಟು ಬಿಗಿಯಾಯಿತು. ಬಾನೆಟ್ ಎತ್ತಿ, ಆರಿಸಿ ತಂದ ಎಣ್ಣೆಯನ್ನು ಶೇಷಾದ್ರಿ ಅಭಿಷೇಕ ಮಾಡುವವನಂತೆ ಒಂದು ಹನಿ ಚೆಲ್ಲದೆ ಎಂಜಿನ್ನಿಗೆ ಸುರಿದ. ಡಬ್ಬ ಖಾಲಿಯಾಯಿತು. ಕಾರನ್ನು ಪಟ್ಟಿಗಳಿಂದ ಇಳಿಸಿ ಗ್ಯಾರೇಜಿಗೆ ಸೇರಿಸಿದರೆ ಮುಗಿಯಿತು.

ಅವನು ಒಳಗೆ ಕೂತು ಎಂಜಿನ್ ಚಾಲೂ ಮಾಡಿ ರಿವರ್ಸಿಗೆ ಹಾಕಿದ. ಕಾರು ಹಿಂದಕ್ಕೆ ಇಳಿಯಿತು. ಪಟ್ಟಿ ದಾಟಿದ ಮೇಲೂ ಇಳಿಯಿತು. ಅವನು ಮುಂದಕ್ಕೆ ಹಾಕಿ ಆಕ್ಸಿಲರೇಟರ್ ತುಳಿದ. ಎಂಜಿನ್ನು ಸಿಂಹದಂತೆ ಗರ್ಜಿಸಿತು. ಕಾರು ಮಾತ್ರ ಅಷ್ಟೇ ಶಾಂತವಾಗಿ ಹಿಂದಕ್ಕೇ ಹೋಗುತ್ತಿತ್ತು. ಬಾಲದಿಂದ ನೀಲಿ ಹೊಗೆ ಎದ್ದು ವೀರಣ್ಣನವರನ್ನು ಮರೆಮಾಡಿತು.

"ಶೇಷಣ್ಣ, ಮುಂದಕ್ಕೆ ಹಾಕಿ," ಎಂದ ಯಶವಂತ್, ಪಕ್ಕದಲ್ಲೇ ಓಡುತ್ತ.

"ಮುಂದಕ್ಕೇ ಹಾಕಿದೀನೋ."

ಬ್ರೇಕು ತುಳಿಯುವುದು ನೆನಪಾಗುವ ಹೊತ್ತಿಗೆ ಕಾರು ಡ್ರೈವ್‌ವೇಯ ಕೊನೆಯಲ್ಲಿ, ಅರ್ಧ ಬೀದಿಗೆ ಅಡ್ಡಲಾಗಿ, ಅಂಚೆ ಪೆಟ್ಟಿಗೆಯನ್ನು ಇನ್ನೇನು ಮುದ್ದಿಡುವಂತೆ ನಿಂತಿತ್ತು.

ಹೊಗೆ ಕರಗಿದ ಮೇಲೆ ಯಶವಂತ್ ಎಂಜಿನ್ನಿನಿಂದ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಗುರುತು ದಾಟಿ ಎಷ್ಟೋ ಮೇಲಿನ ತನಕ ಎಣ್ಣೆ. ಅದೂ ಕಪ್ಪು. ಅವನು ಕಡ್ಡಿಯನ್ನು ನೋಡಿದ, ದೂರದ ಬೇಸಿನ್ನನ್ನು ನೋಡಿದ, ಆಮೇಲೆ ನಿಧಾನವಾಗಿ ಹೇಳಿದ:

"ಎಂಜಿನ್ನಿನ ಹಳೇ ಎಣ್ಣೆ ಎಂಜಿನ್ನಲ್ಲೇ ಇದೆ ಶೇಷಣ್ಣ. ಅದರ ಮೇಲೆ ಹೊಸದನ್ನೂ ಸುರಿದಿದ್ದೀವಿ. ನಾವು ಬಿಚ್ಚಿದ್ದು ಗೇರ್‌ಬಾಕ್ಸು. ಅದರ ಎಣ್ಣೆ ಪೂರ್ತಿ ಬೇಸಿನ್ನಲ್ಲಿದೆ. ಅದಿಲ್ಲದೆ ಎಂಜಿನ್ನು ಚಕ್ರ ತಿರುಗಿಸಲ್ಲ."

ವೀರಣ್ಣ ಸ್ಟೆಥಾಸ್ಕೋಪನ್ನು ಕತ್ತಿನಿಂದ ತೆಗೆದು ಜೇಬಿಗಿಳಿಸಿದರು.

"ತಪ್ಪು ಪೇಷಂಟ್‌ನ ಕಿಡ್ನಿ ತಗದಂಗಾತ್ರಿ," ಎಂದರು ಮೆಲ್ಲಗೆ.

ಶೇಷಾದ್ರಿ ಕಾರಿನಿಂದ ಇಳಿದು ಅಂಚೆ ಪೆಟ್ಟಿಗೆಗೆ ಒರಗಿದ. ಕರ್ನಲ್ಲರ ಮುಖ, ಅಟ್ಲಾಂಟಾ, ಮೈಥಿಲಿಯ ಎದುರಿನ ಖಾಲಿ ಮನೆ, ಎಲ್ಲ ಒಟ್ಟಿಗೆ ಆ ನೀಲಿ ಹೊಗೆಯಲ್ಲಿ ಹೋದವು. ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದ ಊರ್ಮಿಳಾ ಮೊದಲು ಬೇಸಿನ್ ನೋಡಿದಳು, ಆಮೇಲೆ ಬೀದಿಗೆ ಅಡ್ಡ ನಿಂತ ಕಾರು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ಬೇಸಿನ್ನಿನ ಮಾತು ಎತ್ತಲಿಲ್ಲ. ಅದರಿಂದಲೇ ಪರಿಸ್ಥಿತಿ ಎಷ್ಟು ಕೆಟ್ಟಿದೆಯೆಂದು ಶೇಷಾದ್ರಿಗೆ ಅರ್ಥವಾಯಿತು.

"ಗೇರ್‌ಬಾಕ್ಸಿಗೆ ಬೇರೆ ಎಣ್ಣೆ ಸಿಗುತ್ತಾ?" ಎಂದಳು.

"ಸಿಗುತ್ತೆ ಅತ್ತಿಗೆ," ಎಂದ ಯಶವಂತ್.

"ಹಾಗಾದ್ರೆ ಯಾಕೆ ನಿಂತಿದ್ದೀರ?"

ಯಶವಂತ್ ಓಡಿದ. ಅಂಗಡಿಯ ತನಕ ಹೋಗಲು ಹೊತ್ತಿರಲಿಲ್ಲ. ಮೂಲೆಯ ಪೆಟ್ರೋಲ್ ಬಂಕಿನಿಂದ ಗೇರಿನ ಎಣ್ಣೆಯನ್ನೂ, ಬಾಗಿಲ ಬಳಿ ರಾಶಿ ಹಾಕಿದ್ದ ಯಾವುದೋ ಎಂಜಿನ್ ಆಯಿಲನ್ನೂ ಬಾಚಿಕೊಂಡು ಬಂದ. ಯಾವುದು, ಎಷ್ಟರದು, ಯಾರೂ ಕೇಳಲಿಲ್ಲ. ಬೆಳಗಿನ ಬೀಜಗಣಿತ ಯಾರಿಗೂ ನೆನಪಿರಲಿಲ್ಲ.

ಗೇರಿನ ಎಣ್ಣೆ ಹೋಗಬೇಕಾದದ್ದು ಬೆರಳು ಗಾತ್ರದ ಉದ್ದ ಕೊಳವೆಯೊಳಗೆ. ಊರ್ಮಿಳಾ ದೀಪದೆಣ್ಣೆ ತುಂಬಿಸುವ ಆಲಿಕೆ ತಂದಳು. ಆದರೆ ಅದರ ಮೂತಿ ಅಲ್ಲಿಯ ತನಕ ಮುಟ್ಟದು. ಎಲ್ಲರೂ ಸುತ್ತ ನೋಡಿದರು. ಕೊನೆಗೆ ಎಲ್ಲರ ಕಣ್ಣೂ ವೀರಣ್ಣನವರ ಜೇಬಿನಿಂದ ಇಣುಕುತ್ತಿದ್ದ ರಬ್ಬರ್ ಕೊಳವೆಯ ಮೇಲೆ ನಿಂತಿತು.

"ನಮ್ಮ ಮಾವಾರು ಕೊಟ್ಟಿದ್ರಿ ಇದು," ಎಂದರು ವೀರಣ್ಣ. ಆಮೇಲೆ ಕಾರನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ತಾವೇ ಕತ್ತರಿ ಕೇಳಿ ಇಸಿದುಕೊಂಡರು.

ಬೀದಿಯಲ್ಲಿ ಕಾರುಗಳು ಸುತ್ತುಹಾಕಿ ಹೋಗುತ್ತಿದ್ದಂತೆ, ಸ್ಟೆಥಾಸ್ಕೋಪಿನ ಕೊಳವೆಯ ಮೂಲಕ ಕೆಂಪು ಎಣ್ಣೆ ಕರ್ನಲ್ಲರ ಕಾರಿನೊಳಗೆ ಇಳಿಯಿತು. ವೀರಣ್ಣ ಆಲಿಕೆಯನ್ನು ರಕ್ತದ ಬಾಟಲಿಯಂತೆ ಮೇಲೆ ಹಿಡಿದು ನಿಂತಿದ್ದರು. ಶೇಷಾದ್ರಿ ಎಂಜಿನ್ ಚಾಲೂ ಮಾಡಿ ಮುಂದಕ್ಕೆ ಹಾಕಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಮಹಾಕಾಯ ಒಂದು ಮೃದುವಾದ ನಡುಕ ನಡುಗಿ, ಎದ್ದ ಆನೆಯಂತೆ ಹೆಜ್ಜೆ ಇಟ್ಟಿತು. ಊರ್ಮಿಳಾ ಕೈ ಮುಗಿದದ್ದನ್ನು ಶೇಷಾದ್ರಿ ಕನ್ನಡಿಯಲ್ಲಿ ಕಂಡ.

ಮತ್ತೆ ಪಟ್ಟಿ, ಮತ್ತೆ ಬೇಸಿನ್. ಈ ಸಲ ಮುಂದಿನ ಬೋಲ್ಟು. ಬೆಳಗೆಲ್ಲ ಕೂತು ಆರಿಸಿದ ದುಬಾರಿ ಎಣ್ಣೆ ಹಳೆಯ ಕಪ್ಪಿನೊಂದಿಗೆ ಬೆರೆತು ಹೊರಬಂತು. ಬಂಕಿನ ಎಣ್ಣೆ ಒಳಗೆ ಹೋಯಿತು. ಖಾಲಿ ಡಬ್ಬಗಳನ್ನು ಯಶವಂತ್ ಕಸದ ಚೀಲಕ್ಕೆ ತುಂಬಿ ತನ್ನ ಕಾರಿನ ಡಿಕ್ಕಿಗೆ ಹಾಕಿದ. ಎಲ್ಲರೂ ಕೈ ಒರೆಸಿಕೊಳ್ಳುತ್ತಿದ್ದಾಗ ಕರ್ನಲ್ ಬಂದರು.

ಅವರು ಏನನ್ನೂ ಕೇಳಲಿಲ್ಲ. ಕಡ್ಡಿ ಎಳೆದು ನೋಡಿ, ಎಣ್ಣೆ ಜೇನಿನಂತಿದ್ದದ್ದಕ್ಕೆ ತಲೆದೂಗಿ, ಒಬ್ಬರೇ ಕಾರು ಹತ್ತಿ ಹೊರಟುಹೋದರು.

ಹೋದವರು ಬೇಗ ಬರಲಿಲ್ಲ. ಶೇಷಾದ್ರಿ ಡ್ರೈವ್‌ವೇ ಮೇಲೆ ಕಲೆ ಒರೆಸುತ್ತ ಮನಸ್ಸಿನಲ್ಲಿ ಎಲ್ಲ ಬಗೆಯ ಅನಾಹುತ ಕಂಡ. ಹೆದ್ದಾರಿಯ ನಡುವೆ ಹಿಂದಕ್ಕೆ ಚಲಿಸುತ್ತಿರುವ ಕರ್ನಲ್. ಪಕ್ಕದ ರಾಜ್ಯಕ್ಕೆ ಹಿಂದಕ್ಕೇ ತಲುಪಿದ ಕರ್ನಲ್.

"ನಾನು ಹೇಳ್ಬಿಡ್ತೀನಿ," ಎಂದ ಕೊನೆಗೆ. "ಬಂದ ತಕ್ಷಣ ನಡೆದದ್ದೆಲ್ಲ ಹೇಳ್ಬಿಡ್ತೀನಿ. ಇಂಥ ಕಾರಿನ ವಿಷಯದಲ್ಲಿ ಸುಳ್ಳು ಹೇಳಿದ್ರೆ ನನಗೆ ನಿದ್ದೆ ಬರಲ್ಲ."

"ಅಟ್ಲಾಂಟಾ ಮಾತು ಮುಗಿದ ಮೇಲೆ ಹೇಳಿ," ಎಂದಳು ಊರ್ಮಿಳಾ.

ಕಾರು ಬಂತು. ಕರ್ನಲ್ ಎಂಜಿನ್ ಆರಿಸಿದರು. ಆದರೆ ಇಳಿಯಲಿಲ್ಲ. ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತಿದ್ದರು. ಇಳಿದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಹದಿನೈದು ವರ್ಷದಿಂದ ಈ ಕಾರು ಗೇರು ಬದಲಾಯಿಸುವಾಗಲೆಲ್ಲ ಬೆನ್ನಿಗೆ ಗುದ್ದುತ್ತಿತ್ತು," ಎಂದರು. "ಎಷ್ಟು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ವಯಸ್ಸಾಯಿತು, ಹೊಂದಿಕೊಳ್ಳಿ ಎಂದರು. ಇವತ್ತು ಅದು ರೇಷ್ಮೆಯ ಮೇಲೆ ಜಾರಿದ ಹಾಗೆ ಓಡಿತು. ನನಗೆ ನನ್ನ ಯೌವನ ನೆನಪಾಯಿತು. ನಿಜ ಹೇಳಿ, ಯಾವ ಎಣ್ಣೆ ಹಾಕಿದಿರಿ?"

ಶೇಷಾದ್ರಿ ಯಶವಂತನನ್ನು ನೋಡಿದ. ಯಶವಂತ್ ತನ್ನ ಕಾರಿನ ಡಿಕ್ಕಿಯನ್ನು ನೋಡಿದ. ವೀರಣ್ಣ ಆಕಾಶ ನೋಡಿದರು.

"ಸರ್, ನಿಜ ಹೇಳಬೇಕಂದ್ರೆ ನಮ್ಮಿಂದ ಒಂದು ತಪ್ಪಾಯಿತು," ಎಂದು ಶೇಷಾದ್ರಿ ಶುರುಮಾಡಿದ. "ನಮಗೆ ಏನೂ ಗೊತ್ತಿರಲಿಲ್ಲ. ಯಾವುದೋ ಬೋಲ್ಟ್ ಬಿಚ್ಚಿ, ಯಾವುದೋ ಎಣ್ಣೆ..."

ಕರ್ನಲ್ ಅಂಗೈ ಎತ್ತಿ ತಡೆದರು. "ಬೇಡ. ಗುಟ್ಟು ಹೇಳಿಕೊಡಬೇಡಿ. ನಿಜವಾಗಿ ಬಲ್ಲವರು ಹೀಗೆಯೇ ಮಾತಾಡುತ್ತಾರೆ. ಬಾಯಿ ಬಡಾಯಿಯ ಮೆಕ್ಯಾನಿಕ್‌ಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ." ಅವರು ಶೇಷಾದ್ರಿಯ ಕೊಳಕು ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ಅಟ್ಲಾಂಟಾಕ್ಕೆ ನಿಮ್ಮನ್ನೇ ಕಳಿಸುವುದೆಂದು ನಿನ್ನೆ ತೀರ್ಮಾನಿಸಿಬಿಟ್ಟಿದ್ದೆ. ದೇವರು ದೊಡ್ಡವನು, ಆದೇಶ ಹೊರಡುವ ಮುಂಚೆ ಈ ಕಾರು ಓಡಿಸಿದೆ. ದಾರಿಯಲ್ಲೇ ನಿಲ್ಲಿಸಿ ಫೋನು ಮಾಡಿ ಬದಲಾಯಿಸಿದೆ. ಇಂಥ ಕೈಯನ್ನು ನಾನು ಅಟ್ಲಾಂಟಾಕ್ಕೆ ಕಳಿಸುವುದುಂಟೆ? ನಾನು ನಿವೃತ್ತನಾಗುವ ತನಕ ನೀವು ಫೇರ್‌ಫ್ಯಾಕ್ಸ್ ಬಿಡುವ ಹಾಗಿಲ್ಲ. ಅಟ್ಲಾಂಟಾಕ್ಕೆ ಈ ಹುಡುಗ ಹೋಗಲಿ. ಇವನು ಇಲ್ಲದಿದ್ದರೂ ನಡೆಯುತ್ತದೆ."

ಈ ಹುಡುಗ ಎಂದರೆ ಯಶವಂತ್. ಅವನು ನಗಬೇಕೋ ಅಳಬೇಕೋ ತಿಳಿಯದೆ ಬಾಯಿ ಅರ್ಧ ತೆರೆದುಕೊಂಡು ನಿಂತ.

ಹೊರಡುವ ಮುಂಚೆ ಕರ್ನಲ್ ಇನ್ನೊಂದು ಮಾತು ಸೇರಿಸಿದರು. ಸೈನ್ಯದ ಗೆಳೆಯರು ಕೆಲವರಲ್ಲಿ ಇಂಥವೇ ಹಳೆಯ ಕಾರುಗಳಿವೆ. ಎಲ್ಲರಿಗೂ ಶೇಷಾದ್ರಿಯ ನಂಬರು ಕೊಟ್ಟಾಗಿದೆ. ನಾಳೆಯಿಂದ ಬರುತ್ತಾರೆ.

ಒಳಗೆ ಫೋನು ಆಗಲೇ ಬಡಿದುಕೊಳ್ಳುತ್ತಿತ್ತು. ಊರ್ಮಿಳಾ ಹೋಗಿ ಎತ್ತಿದಳು. ಗೆಳೆಯರಲ್ಲ, ಭಾನುವಾರಕ್ಕೂ ಕಾಯದೆ ಸುವಾನಿಯಿಂದ ಮೈಥಿಲಿ. ಕಿಟಕಿಯಾಚೆ ನಿಂತಿದ್ದ ಶೇಷಾದ್ರಿಗೆ ಹೆಂಡತಿಯ ಮಾತು ಸ್ಪಷ್ಟವಾಗಿ ಕೇಳಿಸಿತು. ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಬಗೆಯ ಬೆರಗಿತ್ತು.

"ಇಲ್ಲ ಅಕ್ಕ, ನಾವು ಬರ್ತಾ ಇಲ್ಲ. ಅಯ್ಯೋ, ಕೆಲಸ ಕೆಟ್ಟಿದ್ದಕ್ಕಲ್ಲ. ಕೆಡಿಸೋಕೆ ಬೆಳಗ್ಗಿಂದ ಮೂರು ಜನ ಸೇರಿ ಆದಷ್ಟೂ ಪ್ರಯತ್ನಪಟ್ರು. ಆದ್ರೂ ಚೆನ್ನಾಗಾಗೋಯ್ತು."